ಶಾಲೆಯ ವ್ಯಾನ್ ಬರುವುದು ನಿಂತ ಮೇಲೆ

(ಬೌದ್ಧಿಕ ವೈಕಲ್ಯ ಇರುವ ವಯಸ್ಕರ ಪೋಷಕರ ಸಭೆಯಲ್ಲಿ ಒಬ್ಬ ಫಿಸಿಯೋಥೆರಪಿಸ್ಟ್ ಮಾಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ಬಂದ ಕೆಲವು ಪ್ರಶ್ನೆಗಳೂ ಸೇರಿವೆ.)

ಎಲ್ಲರಿಗೂ ನಮಸ್ಕಾರ. ಸೆಖೆ ಜೋರಾಗಿದೆ, ಫ್ಯಾನ್ ಇರುವುದು ಎರಡೇ. ಹಾಗಾಗಿ ಪೀಠಿಕೆ ಹಾಕದೆ ವಿಷಯಕ್ಕೆ ಬರುತ್ತೇನೆ.

ವಿಶೇಷ ಶಾಲೆಗೆ ಹೋಗುವ 15 ವರ್ಷದ ಹುಡುಗನ ದಿನ ಹೇಗಿರುತ್ತದೆ ಅಂತ ನಿಮಗೆ ಗೊತ್ತು. ಬೆಳಿಗ್ಗೆ ವ್ಯಾನ್ ಬರುತ್ತದೆ. ಗೇಟಿನವರೆಗೆ ನಡೆಯಬೇಕು, ವ್ಯಾನ್ ಹತ್ತಬೇಕು, ಪ್ರಾರ್ಥನೆಗೆ ನಿಲ್ಲಬೇಕು. ಪಿ.ಟಿ. ಮೇಷ್ಟ್ರು ಸೀಟಿ ಊದಿದರೆ ಕೈ ಮೇಲೆತ್ತಬೇಕು. ಊಟದ ತಟ್ಟೆ ತೊಳೆದಿಡಬೇಕು. ಇದನ್ನು ಯಾರೂ ವ್ಯಾಯಾಮ ಅನ್ನುವುದಿಲ್ಲ. ಆದರೆ ಸಂಜೆ ಮನೆಗೆ ಬರುವಷ್ಟರಲ್ಲಿ ಮೈ ದಣಿದಿರುತ್ತದೆ, ಹೊಟ್ಟೆ ಹಸಿದಿರುತ್ತದೆ, ರಾತ್ರಿ ನಿದ್ದೆ ಬರುತ್ತದೆ.

ಆಮೇಲೆ ಅವನಿಗೆ 18 ತುಂಬುತ್ತದೆ. ವ್ಯಾನ್ ಬರುವುದು ನಿಲ್ಲುತ್ತದೆ. ಊರಲ್ಲಿ ವೃತ್ತಿ ತರಬೇತಿ ಕೇಂದ್ರ ಇದ್ದು, ಅಲ್ಲಿ ಜಾಗ ಸಿಕ್ಕರೆ ಪುಣ್ಯ. ಸಿಗದಿದ್ದರೆ ದಿವಾನ, ಟಿವಿ, ಮೊಬೈಲ್. ಹಠ ಮಾಡಿದರೆ ಕೈಗೊಂದು ಬಿಸ್ಕತ್ತಿನ ಪ್ಯಾಕೆಟ್. ವರ್ಷ ಕಳೆಯುವುದರೊಳಗೆ ಹಳೇ ಪ್ಯಾಂಟುಗಳೆಲ್ಲ ಸೊಂಟಕ್ಕೆ ಬಿಗಿ. ನನ್ನ ಹತ್ತಿರ ಕರೆದುಕೊಂಡು ಬರುವ ಹೊತ್ತಿಗೆ ದೂರು ಒಂದೇ: 'ಮೇಡಂ, ಇವನು ತುಂಬಾ ಸೋಮಾರಿ ಆಗಿಬಿಟ್ಟಿದ್ದಾನೆ. ಎದ್ದೇಳೋದೇ ಇಲ್ಲ.'

ಈ ದೂರನ್ನು ನಾನು ಒಪ್ಪುವುದಿಲ್ಲ. ನಮ್ಮ ದಿನವನ್ನು ನಾವೇ ಕಟ್ಟಿಕೊಳ್ಳುತ್ತೇವೆ. ಎಷ್ಟು ಹೊತ್ತಿಗೆ ಏಳಬೇಕು, ಪೇಟೆಗೆ ಹೋಗಬೇಕೋ ಬೇಡವೋ, ಯಾರ ಮನೆಯಲ್ಲಿ ಹರಟೆ ಹೊಡೆಯಬೇಕು, ಎಲ್ಲ ನಮ್ಮ ಇಷ್ಟ. ಅವರ ದಿನವನ್ನು ಕಟ್ಟುವವರು ಬೇರೆಯವರು. ಬಾಗಿಲ ಚಿಲಕ ನಮ್ಮ ಕೈಯಲ್ಲಿ, ದುಡ್ಡು ನಮ್ಮ ಕೈಯಲ್ಲಿ, 'ಈಗ ಬೇಡ, ಆಮೇಲೆ ಹೋಗೋಣ' ಅನ್ನುವ ಮಾತೂ ನಮ್ಮದೇ. ಆ ಆಮೇಲೆ ಬರುವುದೇ ಇಲ್ಲ. ಹೀಗಿರುವಾಗ ಅವರು ಓಡಾಡಲಿಲ್ಲ ಅಂತ ಅವರನ್ನೇ ಬೈದರೆ ಹೇಗೆ? ಅವರ ಜೊತೆಗೆ ಯಾರು ಹೊರಡುತ್ತಾರೆ ಅನ್ನುವುದೇ ನನ್ನ ಪ್ರಶ್ನೆ. ಇವತ್ತಿನ ಮಾತೆಲ್ಲ ಅದರ ಸುತ್ತಲೇ.

ಸ್ವಲ್ಪ ಅಂಕಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೊಸ ಮಾರ್ಗಸೂಚಿ ಹೊರಡಿಸಿತು. ವಯಸ್ಕರು ವಾರಕ್ಕೆ 150ರಿಂದ 300 ನಿಮಿಷ, ಉಸಿರು ಸ್ವಲ್ಪ ಜೋರಾಗುವ ಹಾಗೆ ಮೈ ಆಡಿಸಬೇಕು. ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಬರುವ ಕೆಲಸ ಮಾಡಬೇಕು. ಅಂಗವಿಕಲರಿಗೆ ಅಂತಲೇ ಒಂದು ಭಾಗವನ್ನು ಈ ಮಾರ್ಗಸೂಚಿಯಲ್ಲಿ ಮೊದಲ ಸಲ ಸೇರಿಸಿದರು. ಅಲ್ಲಿರುವುದೂ ಅದೇ 150 ನಿಮಿಷ. 'ಪಾಪ, ಇವರಿಗೆ 50 ಸಾಕು' ಅಂತ ರಿಯಾಯಿತಿ ಕೊಟ್ಟಿಲ್ಲ. ಅಷ್ಟು ಆಗದಿದ್ದರೆ ಆದಷ್ಟು ಮಾಡಿ, ಏನೂ ಮಾಡದೆ ಇರುವುದಕ್ಕಿಂತ ಅದು ಮೇಲು ಅಂತಲೂ ಹೇಳಿದ್ದಾರೆ.

ಬೌದ್ಧಿಕ ವೈಕಲ್ಯ ಇರುವವರಲ್ಲಿ ಎಷ್ಟು ಜನ ಇದನ್ನು ಮುಟ್ಟುತ್ತಾರೆ? 2016ರಲ್ಲಿ ಕೆಲವು ಸಂಶೋಧಕರು 15 ಅಧ್ಯಯನಗಳನ್ನು ಒಟ್ಟಿಗೆ ಇಟ್ಟು ನೋಡಿದರು. ಎಲ್ಲ ಸೇರಿ 3,000ಕ್ಕೂ ಹೆಚ್ಚು ವಯಸ್ಕರ ಮಾಹಿತಿ. ಮುಟ್ಟಿದವರು ಶೇ. 9 ಮಾತ್ರ. ನೂರಕ್ಕೆ ಒಂಬತ್ತು ಜನ.

ನೆದರ್‌ಲ್ಯಾಂಡ್ಸ್‌ನಲ್ಲಿ ಬೌದ್ಧಿಕ ವೈಕಲ್ಯ ಇರುವ, 50 ದಾಟಿದವರ ಸೊಂಟಕ್ಕೆ ಹೆಜ್ಜೆ ಎಣಿಸುವ ಯಂತ್ರ ಕಟ್ಟಿ ನೋಡಿದರು. ದಿನಕ್ಕೆ 10,000 ಹೆಜ್ಜೆ ಹಾಕಿದವರು ಶೇ. 17ರಷ್ಟು. 5,000 ಕೂಡ ದಾಟದವರು ಶೇ. 39ರಷ್ಟು. ಇದರಲ್ಲಿ ಇನ್ನೊಂದು ಸೂಕ್ಷ್ಮ ಇದೆ. ಆ ಯಂತ್ರ ಕೆಲಸ ಮಾಡಬೇಕಾದರೆ ವ್ಯಕ್ತಿ ಚೆನ್ನಾಗಿ ನಡೆಯುವವರಾಗಿರಬೇಕು, ಕಟ್ಟಿದ್ದನ್ನು ಕಿತ್ತು ಬಿಸಾಡಬಾರದು. ಅಂದರೆ ಲೆಕ್ಕಕ್ಕೆ ಸಿಕ್ಕವರು ಗಟ್ಟಿಮುಟ್ಟಾದವರು. ಗಾಲಿಕುರ್ಚಿಯಲ್ಲಿ ಇರುವವರು, ತಡವರಿಸಿ ನಡೆಯುವವರು ಅದರಲ್ಲಿ ಇಲ್ಲ. ಅವರನ್ನೂ ಸೇರಿಸಿದ್ದರೆ ಅಂಕಿ ಇನ್ನೂ ಕೆಳಗೆ ಇಳಿಯುತ್ತಿತ್ತು. ನೆನಪಿಡಿ, ಇದು ಸೈಕಲ್‌ಗೆ ಬೇರೆ ರಸ್ತೆ ಇರುವ ದೇಶದ ಕತೆ. ನಮ್ಮಲ್ಲಿ ಫುಟ್‌ಪಾತ್ ಮೇಲೆ ಟ್ರಾನ್ಸ್‌ಫಾರ್ಮರ್ ಇರುತ್ತದೆ.

ನಮ್ಮ ಲೆಕ್ಕಕ್ಕೆ ಬರೋಣ. 2011ರ ಜನಗಣತಿ ಪ್ರಕಾರ ದೇಶದಲ್ಲಿ ಬೌದ್ಧಿಕ ವೈಕಲ್ಯ ಇರುವವರು ಸುಮಾರು 15 ಲಕ್ಷ. ಕರ್ನಾಟಕದಲ್ಲಿ ಸುಮಾರು 94 ಸಾವಿರ. ಗಣತಿಯವರು ಮನೆಗೆ ಬಂದಾಗ ಹೇಳದೆ ಉಳಿದವರು ಎಷ್ಟು ಅನ್ನುವುದು ನಮಗೇ ಗೊತ್ತಲ್ವಾ.

ಈಗ ನನಗೆ ತುಂಬಾ ಮುಖ್ಯ ಅನ್ನಿಸುವ ಒಂದು ಅಧ್ಯಯನ. ಅದು ಸೋತ ಅಧ್ಯಯನ, ಅದಕ್ಕೇ ಮುಖ್ಯ. ಸ್ಕಾಟ್‌ಲೆಂಡ್‌ನ ಗ್ಲಾಸ್ಗೋದಲ್ಲಿ ಬೌದ್ಧಿಕ ವೈಕಲ್ಯ ಇರುವ 102 ವಯಸ್ಕರನ್ನು ಸೇರಿಸಿ ನಡಿಗೆಯ ಒಂದು ಕಾರ್ಯಕ್ರಮ ಮಾಡಿದರು. 12 ವಾರ. ಒಂದು ಗುಂಪಿಗೆ ಹೆಜ್ಜೆ ಎಣಿಸುವ ಯಂತ್ರ ಕೊಟ್ಟರು. ತರಬೇತಿ ಪಡೆದ ಸಲಹೆಗಾರರು ಬಂದು ಎದುರು ಕೂತು ಮಾತಾಡಿದರು, ಇಷ್ಟಿಷ್ಟು ನಡೆಯೋಣ ಅಂತ ಗುರಿ ಹಾಕಿಕೊಟ್ಟರು. ಇನ್ನೊಂದು ಗುಂಪು ಎಂದಿನಂತೆ ಇತ್ತು. 2015ರಲ್ಲಿ ಫಲಿತಾಂಶ ಬಂತು. ಎರಡು ಗುಂಪುಗಳ ಹೆಜ್ಜೆಯಲ್ಲಿ ಹೇಳಿಕೊಳ್ಳುವಂಥ ವ್ಯತ್ಯಾಸ ಇರಲಿಲ್ಲ.

ಇದನ್ನು ಓದಿ 'ನೋಡಿ, ಇವರಿಗೆ ಎಷ್ಟು ಹೇಳಿದರೂ ಅಷ್ಟೇ' ಅನ್ನುವವರು ಇದ್ದಾರೆ. ನನಗೆ ಕಾಣುವುದು ಬೇರೆ. ಯಂತ್ರ ಕೊಟ್ಟರು, ಗುರಿ ಕೊಟ್ಟರು, ಸಲಹೆ ಕೊಟ್ಟರು. ಸಲಹೆಗಾರರು ಎದ್ದು ಹೋದ ಮೇಲೆ ಅದೇ ಮನೆ, ಅದೇ ಆರೈಕೆದಾರರು, ಅದೇ ದಿನಚರಿ. ಸಂಖ್ಯೆಯ ಗುರಿ ಅನ್ನುವುದು ಸಂಖ್ಯೆ ಅರ್ಥವಾಗುವವರಿಗೆ. 'ನಿನ್ನೆ 4,000, ಇವತ್ತು 5,000' ಅಂತ ನನಗೆ ಹುರುಪು ಬರಬಹುದು. ಹತ್ತರ ಮೇಲೆ ಎಣಿಸಲು ಬಾರದವರಿಗೆ ಅದರಿಂದ ಏನು? ಅವರ ಜೊತೆಗೆ ಚಪ್ಪಲಿ ಹಾಕಿಕೊಂಡು ಹೊರಡುವವರು ಬೇಕು.

ಜೊತೆಗೆ ಹೊರಡುವವರು ಅಂದ ತಕ್ಷಣ ಎಲ್ಲರೂ ಅಮ್ಮನ ಕಡೆ ತಿರುಗುತ್ತಾರೆ. ಮಗನಿಗೆ 38 ಅಂದರೆ ಅಮ್ಮನಿಗೆ ಅರವತ್ತರ ಮೇಲೆ. ಅವರದ್ದೇ ಮಂಡಿ ನೋವು, ಬಿಪಿ, ಸಕ್ಕರೆ. ಮಗ ಜೋರಾಗಿ ಹೆಜ್ಜೆ ಹಾಕಿದರೆ ಹಿಂದೆ ಓಡಲು ಆಗುವುದಿಲ್ಲ. ಹಾಗಾಗಿ ಮಗನನ್ನೇ ಕೂರಿಸುತ್ತಾರೆ. ಆ ತಾಯಿಯನ್ನು ದೂರುವ ಧೈರ್ಯ ನನಗಂತೂ ಇಲ್ಲ. ಆದರೆ ಈ ಕೋಣೆಯಲ್ಲಿ ಇಷ್ಟೊಂದು ಮನೆಗಳವರು ಇದ್ದೀರಿ. ಮಂಗಳವಾರ ನಿಮ್ಮ ಮಗನನ್ನು ಅವರು ಕರೆದುಕೊಂಡು ಹೋಗಲಿ, ಗುರುವಾರ ಅವರ ಮಗಳನ್ನು ನೀವು. ಪಕ್ಕದ ಮನೆಯ ಕಾಲೇಜು ಹುಡುಗ ಹೇಗೂ ವಾಕಿಂಗ್ ಹೋಗುತ್ತಾನೆ, ಕೇಳಿ ನೋಡಿ. ಮುಜುಗರ ಆಗುತ್ತದೆ, ಗೊತ್ತು. ಮೊದಲ ಸಲ ಕೇಳುವುದೇ ಕಷ್ಟ. ಅಪ್ಪಂದಿರಿಗೂ ಒಂದು ಮಾತು: ನಿವೃತ್ತಿಯಾದ ಮೇಲೆ ಗೆಳೆಯರ ಜೊತೆ ಪಾರ್ಕಿಗೆ ಹೋಗುತ್ತೀರಲ್ಲ, ಮಗನನ್ನು ಯಾಕೆ ಬಿಟ್ಟು ಹೋಗುತ್ತೀರಿ? ಇದಕ್ಕೆ ಸರಿಯಾದ ಉತ್ತರ ನನಗೆ ಇನ್ನೂ ಯಾರಿಂದಲೂ ಸಿಕ್ಕಿಲ್ಲ.

ಒಂದು ಮನೆಯ ವಿಷಯ ಸ್ವಲ್ಪ ವಿವರವಾಗಿ ಹೇಳುತ್ತೇನೆ. ಊರು, ಹೆಸರು ಬೇಡ. ಡೌನ್ ಸಿಂಡ್ರೋಮ್ ಇರುವ ಮೂವತ್ತು ದಾಟಿದ ವ್ಯಕ್ತಿ. ಮಾತು ಕಡಿಮೆ. ಮನೆಯಲ್ಲಿ ಅವನಿಗೆ ಕೆಲಸ ಅಂತ ಏನೂ ಇರಲಿಲ್ಲ. ಮನೆಯಿಂದ ನಂದಿನಿ ಹಾಲಿನ ಬೂತ್‌ಗೆ ಎರಡು ತಿರುವು, ಒಂದು ಸಣ್ಣ ರಸ್ತೆ ದಾಟಬೇಕು. ಹಾಲು ತರುವುದು ಅವನ ಕೆಲಸ ಆಗಲಿ ಅಂದೆ. ಅಮ್ಮ ಗಾಬರಿಯಾದರು. ನಾಯಿ, ಬೈಕು, ಚಿಲ್ಲರೆ, ಜನ ಏನಂತಾರೆ, ಎಲ್ಲ ಬಂತು.

ನಾವು ಕೊನೆಯಿಂದ ಶುರು ಮಾಡಿದೆವು. ಮೊದಲಿಗೆ ಅಮ್ಮನ ಜೊತೆ ಬೂತ್‌ವರೆಗೆ ಹೋಗುವುದು. ಅಲ್ಲಿ ಅವನ ಪಾಲಿನ ಕೆಲಸ ಒಂದೇ, ಪ್ಯಾಕೆಟ್ ತೆಗೆದುಕೊಂಡು ಚೀಲಕ್ಕೆ ಹಾಕುವುದು. ಅದು ಕೈಗೆ ಹತ್ತಿದ ಮೇಲೆ ದುಡ್ಡು ಕೊಡುವುದು. ಆಮೇಲೆ ಅಮ್ಮ ಹತ್ತು ಹೆಜ್ಜೆ ಹಿಂದೆ ನಿಂತರು. ಆಮೇಲೆ ತಿರುವಿನ ಸೈಕಲ್ ಶಾಪಿನ ಹತ್ತಿರ. ರಸ್ತೆ ದಾಟುವುದನ್ನು ಕೊನೆಗೆ ಇಟ್ಟುಕೊಂಡೆವು, ಅದಕ್ಕೆ ತಿಂಗಳುಗಳೇ ಹಿಡಿದವು. ಬೂತಿನವರಿಗೆ ವಿಷಯ ಹೇಳಿ ಫೋನ್ ನಂಬರ್ ಕೊಟ್ಟಿದ್ದೆವು. ಸೈಕಲ್ ಶಾಪಿನವರೂ ಒಂದು ಕಣ್ಣಿಡಲು ಒಪ್ಪಿದರು. ಈಗ ಅವನು ಬೆಳಿಗ್ಗೆ ಒಂದು ಸಲ, ಸಂಜೆ ಒಂದು ಸಲ ಹೋಗಿ ಬರುತ್ತಾನೆ. ನೀಲಿ ಪ್ಯಾಕೆಟ್ ಬದಲು ಹಸಿರು ಕೊಟ್ಟರೆ ವಾಪಸ್ ಕೊಡುತ್ತಾನೆ. ಮಳೆ ಬಂದರೂ ಹೋಗಲೇಬೇಕು, ಇಲ್ಲದಿದ್ದರೆ ರಂಪ. ತೂಕ ಹೆಚ್ಚೇನೂ ಇಳಿದಿಲ್ಲ. ಆದರೆ ಮೊದಲು ಮೆಟ್ಟಿಲು ಹತ್ತುವಾಗ ಗೋಡೆ ಹಿಡಿಯುತ್ತಿದ್ದವನು ಈಗ ಹಿಡಿಯುವುದಿಲ್ಲ. ಬೀದಿಯವರು ಅವನನ್ನು ಹೆಸರು ಹಿಡಿದು ಕರೆಯುತ್ತಾರೆ.

ಇದರಲ್ಲಿ ವ್ಯಾಯಾಮ ಎಲ್ಲಿದೆ ಅಂತ ಕೇಳಬಹುದು. ಅದು ಕಾಣದೆ ಇರುವುದೇ ಒಳ್ಳೆಯದು ಅನ್ನಿಸುತ್ತದೆ. 'ಎದ್ದು ಹತ್ತು ಸಲ ಕೈ ಆಡಿಸು' ಅಂದರೆ ಯಾಕೆ ಆಡಿಸಬೇಕು? ಹಾಲು ತರದಿದ್ದರೆ ಕಾಫಿ ಇಲ್ಲ, ಅದು ಅವನಿಗೆ ಗೊತ್ತು. ಹಳ್ಳಿಯಲ್ಲಿ ಇರುವವರಿಗೆ ಇಂಥ ಕೆಲಸ ಇನ್ನೂ ಸುಲಭವಾಗಿ ಸಿಗುತ್ತದೆ. ದನಕ್ಕೆ ಹುಲ್ಲು ಹಾಕುವುದು, ನೀರು ಹೊರುವುದು, ಕೊಟ್ಟಿಗೆ ಗುಡಿಸುವುದು, ಅಡಿಕೆ ಹೆಕ್ಕುವುದು. ಪಟ್ಟಣದ ಫ್ಲ್ಯಾಟಿನಲ್ಲಿ ಹುಡುಕಬೇಕು. ಬಟ್ಟೆ ಹಿಂಡಿ ಟೆರೇಸಿಗೆ ಒಯ್ದು ಹರವುವುದು, ಲಿಫ್ಟ್ ಬಿಟ್ಟು ಮೆಟ್ಟಿಲಲ್ಲಿ ಕಸದ ಬುಟ್ಟಿ ಇಳಿಸುವುದು, ಅಕ್ಕಿ ಡಬ್ಬ ಎತ್ತಿಡುವುದು. ಅವರು ಮಾಡಿದರೆ ನಿಧಾನ ಆಗುತ್ತದೆ, ನೀರು ಚೆಲ್ಲುತ್ತದೆ. ಸಹಿಸಿಕೊಳ್ಳಬೇಕು. 'ಬಿಡು, ನಾನೇ ಮಾಡ್ತೀನಿ' ಅನ್ನುವುದನ್ನು ನಾವು ಕಡಿಮೆ ಮಾಡಿದಷ್ಟೂ ಅವರ ಓಡಾಟ ಜಾಸ್ತಿ ಆಗುತ್ತದೆ.

ತೂಕ ಇಳಿಯಲಿಲ್ಲ ಅಂದೆನಲ್ಲ, ಅದರ ಬಗ್ಗೆ ಬಿಚ್ಚಿ ಹೇಳಿಬಿಡುತ್ತೇನೆ. ನಡಿಗೆಯೊಂದರಿಂದಲೇ ತೂಕ ಇಳಿಯುವುದು ಕಡಿಮೆ, ಅದು ನಮಗೂ ಅಷ್ಟೇ. ಊಟದ ಕಡೆ ನೋಡಬೇಕು, ಬಹುಮಾನವಾಗಿ ಕೊಡುವ ತಿಂಡಿ ನಿಲ್ಲಿಸಬೇಕು. ಔಷಧಿಯೂ ಕಾರಣ ಆಗಿರಬಹುದು. ಸಿಟ್ಟು, ಹಠ ಅಂತ ಕೊಡುವ ಕೆಲವು ಮನೋರೋಗದ ಮಾತ್ರೆಗಳು, ಫಿಟ್ಸ್‌ಗೆ ಕೊಡುವ ವಾಲ್ಪ್ರೊಯೇಟ್, ಇವು ಹಸಿವೆ ಹೆಚ್ಚಿಸಿ ಮೈ ತುಂಬಿಸುತ್ತವೆ. ನಿಮ್ಮಷ್ಟಕ್ಕೆ ನೀವೇ ಮಾತ್ರೆ ನಿಲ್ಲಿಸಬೇಡಿ, ಅದು ಅಪಾಯ. ಆದರೆ 'ಈ ಮಾತ್ರೆ ಇನ್ನೂ ಬೇಕಾ, ಡೋಸ್ ಕಡಿಮೆ ಮಾಡಬಹುದಾ' ಅಂತ ಡಾಕ್ಟರನ್ನು ಕೇಳುವ ಹಕ್ಕು ನಿಮಗಿದೆ. ಕೇಳಿ. ತೂಕ ಇಳಿಯದಿದ್ದರೂ ಕಾಲಿನ ಬಲ, ಸಮತೋಲ, ನಿದ್ದೆ, ಮಲಬದ್ಧತೆ, ಮನಸ್ಸಿನ ಗೆಲುವು ಸುಧಾರಿಸುತ್ತವೆ. ಇವರಲ್ಲಿ ಬೀಳುವುದು ಬೇರೆಯವರಿಗಿಂತ ಮೊದಲೇ, ನಡುವಯಸ್ಸಿನಲ್ಲೇ ಶುರುವಾಗುತ್ತದೆ. ಸೊಂಟದ ಮೂಳೆ ಮುರಿದರೆ ಮತ್ತೆ ಎದ್ದು ಓಡಾಡುವಂತೆ ಮಾಡುವುದು ಎಷ್ಟು ಕಷ್ಟ ಅಂತ ನನ್ನ ಕೆಲಸದವರನ್ನು ಕೇಳಿ.

ಶುರು ಮಾಡುವ ಮೊದಲು ಒಂದು ಸಲ ಡಾಕ್ಟರ ಹತ್ತಿರ ಹೋಗಿ ಬನ್ನಿ. ಮುಖ್ಯವಾಗಿ ಡೌನ್ ಸಿಂಡ್ರೋಮ್ ಇರುವವರು. ಇವರಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಹುಟ್ಟಿನಿಂದಲೇ ಹೃದಯದ ತೊಂದರೆ ಇರುತ್ತದೆ. ಚಿಕ್ಕಂದಿನಲ್ಲಿ ಆಪರೇಷನ್ ಆಗಿದ್ದರೂ ಈಗ ಹೇಗಿದೆ ಅಂತ ನೋಡಿಸಿ. ಥೈರಾಯ್ಡ್ ಕಡಿಮೆ ಆಗುವುದು ತುಂಬಾ ಸಾಮಾನ್ಯ, ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ ಮಾಡಿಸಿ. 'ಸೋಮಾರಿ' ಅಂತ ಬಂದವರಲ್ಲಿ ಥೈರಾಯ್ಡ್ ಮಾತ್ರೆ ಶುರು ಮಾಡಿದ ಮೇಲೆ ತಾವಾಗಿ ಎದ್ದು ಓಡಾಡಿದವರನ್ನು ನಾನು ನೋಡಿದ್ದೇನೆ. ಇನ್ನೊಂದು, ಕತ್ತಿನ ಮೇಲ್ಭಾಗದ ಎರಡು ಮೂಳೆಗಳ ನಡುವಿನ ಹಿಡಿತ ಕೆಲವರಲ್ಲಿ ಸಡಿಲ ಇರುತ್ತದೆ. ನಡಿಗೆ ಇದ್ದಕ್ಕಿದ್ದಂತೆ ಬದಲಾದರೆ, ಕೈಯಲ್ಲಿ ಹಿಡಿದದ್ದು ಬೀಳುತ್ತಿದ್ದರೆ, ಕತ್ತು ವಾಲಿಸಿಕೊಂಡಿದ್ದರೆ, ಮೂತ್ರದ ಹತೋಟಿ ತಪ್ಪಿದರೆ ವ್ಯಾಯಾಮ ನಿಲ್ಲಿಸಿ ಕೂಡಲೇ ತೋರಿಸಿ. ಲಾಗ ಹಾಕುವುದು, ಶೀರ್ಷಾಸನ, ತಲೆಕೆಳಗಾಗಿ ನೀರಿಗೆ ಹಾರುವುದು ಇವರಿಗೆ ಬೇಡ.

ಕೈಗೆ ಸ್ಮಾರ್ಟ್ ವಾಚ್ ಕಟ್ಟಿ 'ಹೃದಯ ಬಡಿತ ಅಷ್ಟಕ್ಕೆ ಏರಲೇ ಇಲ್ಲ' ಅಂತ ತಲೆ ಕೆಡಿಸಿಕೊಳ್ಳುವವರೂ ಇದ್ದಾರೆ. ಡೌನ್ ಸಿಂಡ್ರೋಮ್‌ನಲ್ಲಿ ಎಷ್ಟೇ ಶ್ರಮ ಪಟ್ಟರೂ ಹೃದಯ ಬಡಿತ ಬೇರೆಯವರಷ್ಟು ಏರುವುದಿಲ್ಲ. ಅದು ದೇಹದ ಸ್ವಭಾವ. ವಾಚಿನ ಅಂಕಿಗಾಗಿ ಅವರನ್ನು ಓಡಿಸಬೇಡಿ. ಮಾತಾಡಲು ಆಗುತ್ತಿದೆ, ಹಾಡಲು ಆಗುತ್ತಿಲ್ಲ ಅಂದರೆ ವೇಗ ಸರಿಯಾಗಿದೆ. ಮಾತು ಬಾರದವರ ಉಸಿರು ಗಮನಿಸಿ, ಮುಖದ ಬಣ್ಣ ಗಮನಿಸಿ.

ಕಾಲು ನೋಡಿ. ಇದನ್ನು ಯಾರೂ ನೋಡುವುದಿಲ್ಲ. ನಡೆಯುತ್ತಾ ನಡೆಯುತ್ತಾ ರಸ್ತೆಯಲ್ಲೇ ಕೂತುಬಿಡುತ್ತಿದ್ದ ಹೆಣ್ಣುಮಗಳೊಬ್ಬಳು ಇದ್ದಳು. ಬೈದರೂ ಅಷ್ಟೇ, ಎಳೆದರೂ ಅಷ್ಟೇ. ಹಠಮಾರಿ ಅಂತ ಹೆಸರು ಬಂದಿತ್ತು. ಚಪ್ಪಲಿ ಬಿಚ್ಚಿಸಿ ನೋಡಿದರೆ ಹೆಬ್ಬೆರಳ ಉಗುರು ಮಾಂಸದೊಳಗೆ ಇಳಿದು ಕೀವಾಗಿತ್ತು. ನೋವು ಅಂತ ಹೇಳಲು ಅವಳ ಹತ್ತಿರ ಮಾತಿಲ್ಲ, ಕೂತು ಹೇಳಿದ್ದಳು. ಅಂಗಾಲು ಚಪ್ಪಟೆ ಇರುವವರಿಗೆ ಹವಾಯಿ ಚಪ್ಪಲಿ ಸಾಲದು. ಲೇಸ್ ಕಟ್ಟಲು ಬರದಿದ್ದರೆ ಪಟ್ಟಿ ಅಂಟಿಸುವ ಶೂ ಸಿಗುತ್ತದೆ, ತಾವೇ ಹಾಕಿಕೊಳ್ಳುತ್ತಾರೆ.

ಕಲಿಸುವ ಬಗ್ಗೆ ಎರಡು ಮಾತು. ಬಾಯಲ್ಲಿ ಕಡಿಮೆ ಹೇಳಿ, ಮಾಡಿ ತೋರಿಸಿ. ಎದುರು ನಿಂತು ತೋರಿಸಿದರೆ ನಿಮ್ಮ ಬಲಗೈ ಅವರ ಎಡಗಡೆಗೆ ಬರುತ್ತದೆ, ಗೊಂದಲ. ಪಕ್ಕದಲ್ಲಿ ನಿಂತು ಒಟ್ಟಿಗೆ ಮಾಡಿ. ಒಂದು ಮಾತು ಹೇಳಿದ ಮೇಲೆ ಸುಮ್ನೆ ಕಾಯಿರಿ. ನಮಗೆ ಕಾಯುವ ತಾಳ್ಮೆ ಇಲ್ಲ, ಅವರು ಅರ್ಥ ಮಾಡಿಕೊಂಡು ಏಳುವಷ್ಟರಲ್ಲಿ ನಾವು ಮೂರು ಸಲ ಕೂಗಿರುತ್ತೇವೆ. ಪ್ರತಿ ಕೂಗಿಗೂ ಅವರು ಮೊದಲಿನಿಂದ ಶುರು ಮಾಡಬೇಕು. ಎಣಿಕೆ ಬಾರದವರಿಗೆ ನಾನು ಹುಣಸೆ ಬೀಜ ಬಳಸುತ್ತೇನೆ. ಅಂಗಳದ ಈ ತುದಿಯಲ್ಲಿ ಒಂದು ಬಟ್ಟಲು, ಆ ತುದಿಯಲ್ಲಿ ಒಂದು. ಒಂದು ಬೀಜ ತೆಗೆದುಕೊಂಡು ಹೋಗಿ ಆ ಬಟ್ಟಲಿಗೆ ಹಾಕುವುದು, ಮತ್ತೆ ಬಂದು ಇನ್ನೊಂದು. ಈ ಬಟ್ಟಲು ಖಾಲಿಯಾದರೆ ಮುಗಿಯಿತು. ಇನ್ನೆಷ್ಟು ಉಳಿದಿದೆ ಅಂತ ಕಣ್ಣಿಗೇ ಕಾಣುತ್ತದೆ, ಯಾರನ್ನೂ ಕೇಳಬೇಕಿಲ್ಲ. ವಾರ ಕಳೆದ ಹಾಗೆ ನೀವು ಗುಟ್ಟಾಗಿ ಎರಡು ಬೀಜ ಸೇರಿಸಿ. ಕೆಲವರು ಕಂಡುಹಿಡಿದು ತೆಗೆದು ಬಿಸಾಡುತ್ತಾರೆ, ಅದೂ ನಡೆದಿದೆ.

ಬಲಕ್ಕೆ ಒಂದೇ ಒಂದು ಮಾಡಿಸಬೇಕು ಅಂದರೆ ಕುರ್ಚಿಯಿಂದ ಎದ್ದು ಕೂರುವುದು. ಗೋಡೆಗೆ ಒತ್ತಿಟ್ಟ ಗಟ್ಟಿ ಕುರ್ಚಿ, ಪ್ಲಾಸ್ಟಿಕ್ ಬೇಡ, ಜಾರುತ್ತದೆ. ಕೈ ಎದೆಯ ಮೇಲೆ ಕಟ್ಟಿ ಎದ್ದು ನಿಲ್ಲಬೇಕು, ನಿಧಾನಕ್ಕೆ ಕೂರಬೇಕು. ಧೊಪ್ಪನೆ ಕೂರುವವರಿಗೆ ಕುರ್ಚಿ ಮೇಲೆ ಒಂದು ಬಲೂನು ಇಟ್ಟು 'ಒಡೆಯಬಾರದು' ಅಂತ ಆಟ ಮಾಡಿ. ನಗುತ್ತಾರೆ, ಮಾಡುತ್ತಾರೆ. ಮಂಡಿ ನೋವಿನ ಅಮ್ಮಂದಿರೂ ಪಕ್ಕದ ಕುರ್ಚಿಯಲ್ಲಿ ಮಾಡಬಹುದು, ನಿಮಗೂ ಬೇಕು ಅದು.

ಯೋಗದ ಬಗ್ಗೆ ಪ್ರತಿ ಸಭೆಯಲ್ಲೂ ಕೇಳುತ್ತಾರೆ. ಬೆಂಗಳೂರಿನಲ್ಲೇ ನಾಲ್ಕು ವಿಶೇಷ ಶಾಲೆಗಳ 90 ಮಕ್ಕಳ ಮೇಲೆ ಒಂದು ಅಧ್ಯಯನ ನಡೆದಿತ್ತು, 1989ರಲ್ಲಿ ಪ್ರಕಟವಾಯಿತು. 45 ಮಕ್ಕಳಿಗೆ ಒಂದು ಶಾಲಾ ವರ್ಷ ಪೂರ್ತಿ ವಾರಕ್ಕೆ 5 ಗಂಟೆ ಯೋಗ ಕಲಿಸಿದರು. ಯೋಗ ಮಾಡಿದ ಮಕ್ಕಳು ಒಳ್ಳೆಯ ಪ್ರಗತಿ ತೋರಿಸಿದರು. ಅದೆಲ್ಲ ಸರಿ. ಆದರೆ ನೋಡಿ, ಅದೂ ಶಾಲೆಯೊಳಗೆ, ಮಕ್ಕಳಿಗೆ. ಶಾಲೆ ಇತ್ತು, ಮೇಷ್ಟ್ರು ಇದ್ದರು, ಟೈಮ್‌ಟೇಬಲ್ ಇತ್ತು. ಮಕ್ಕಳ ಬಗ್ಗೆ ನಾವು ತಕ್ಕಮಟ್ಟಿಗೆ ಯೋಚನೆ ಮಾಡಿದ್ದೇವೆ. ಅವರು ದೊಡ್ಡವರಾಗುತ್ತಾರೆ ಅನ್ನುವುದನ್ನು ಮರೆತವರ ಹಾಗೆ ಇದ್ದೇವೆ.

ಹೆಣ್ಣುಮಕ್ಕಳ ವಿಷಯ ಬೇರೆಯಾಗಿಯೇ ಹೇಳಬೇಕು. ಗಂಡುಮಗ ಅಂಗಡಿ ತನಕವಾದರೂ ಹೋಗುತ್ತಾನೆ. ಹೆಣ್ಣುಮಗಳು ಮೈನೆರೆದ ಮೇಲೆ ಗೇಟಿನ ಹೊರಗೆ ಕಾಲಿಡುವುದು ಮದುವೆ, ದೇವಸ್ಥಾನ, ಆಸ್ಪತ್ರೆಗೆ ಮಾತ್ರ. ಹೆದರಿಕೆ ಸುಳ್ಳಲ್ಲ, ನಾನು ಅದನ್ನು ತಳ್ಳಿಹಾಕುವುದಿಲ್ಲ. ಒಬ್ಬಳನ್ನೇ ಕಳಿಸಿ ಅಂತಲೂ ಹೇಳುವುದಿಲ್ಲ. ಬೀದಿಯ ಹೆಂಗಸರು ಗುಂಪಾಗಿ ವಾಕಿಂಗ್ ಹೋಗುತ್ತಾರಲ್ಲ, ಆ ಗುಂಪಿಗೆ ಸೇರಿಸಿ. ಸ್ತ್ರೀಶಕ್ತಿ ಸಂಘದವರನ್ನು ಕೇಳಿ. ಮನೆಯೊಳಗೆ ಹಾಡು ಹಾಕಿ ಕುಣಿಯುವುದಕ್ಕೆ ಯಾರ ಅಪ್ಪಣೆಯೂ ಬೇಡ. ಅರ್ಧ ಗಂಟೆ ಕುಣಿದರೆ ಬೆವರು ಬರುತ್ತದೆ, ಅದೂ ಲೆಕ್ಕಕ್ಕೆ ಸೇರುತ್ತದೆ. ಅವಳಿಗೆ ಇಷ್ಟವಾದ ಹಾಡೇ ಇರಲಿ, ನಿಮಗಿಷ್ಟದ ಭಕ್ತಿಗೀತೆ ಅಲ್ಲ.

ಇನ್ನು ಆಟ. ಸ್ಪೆಷಲ್ ಒಲಿಂಪಿಕ್ಸ್ ಹೆಸರು ಕೇಳಿರುತ್ತೀರಿ, ಬೌದ್ಧಿಕ ವೈಕಲ್ಯ ಇರುವವರ ಕ್ರೀಡಾಕೂಟ. ಅಮೆರಿಕದ ಯೂನಿಸ್ ಕೆನಡಿ ಶ್ರೈವರ್ ಇದನ್ನು ಕಟ್ಟಿದವರು, ಅಧ್ಯಕ್ಷರಾಗಿದ್ದ ಕೆನಡಿಯವರ ತಂಗಿ. ಅವರ ಅಕ್ಕ ರೋಸ್‌ಮೇರಿಗೆ ಬೌದ್ಧಿಕ ವೈಕಲ್ಯ ಇತ್ತು. 1962ರಲ್ಲಿ ಯೂನಿಸ್ ತಮ್ಮ ಮನೆಯ ಹಿತ್ತಲಲ್ಲೇ ಬೇಸಿಗೆ ಶಿಬಿರ ನಡೆಸಿದರು. 1968ರ ಜುಲೈನಲ್ಲಿ ಶಿಕಾಗೋದಲ್ಲಿ ಮೊದಲ ಕ್ರೀಡಾಕೂಟ ಆಯಿತು. 2023ರಲ್ಲಿ ಬರ್ಲಿನ್‌ನಲ್ಲಿ ನಡೆದ ಕೂಟಕ್ಕೆ ಭಾರತದಿಂದ 198 ಆಟಗಾರರು ಹೋಗಿದ್ದರು, 202 ಪದಕ ತಂದರು, ಅದರಲ್ಲಿ 76 ಚಿನ್ನ.

ಇಷ್ಟೊಂದು ಪದಕ ಹೇಗೆ ಅಂತ ಆಶ್ಚರ್ಯ ಬೇಡ. ಅಲ್ಲಿನ ಪದ್ಧತಿಯೇ ಬೇರೆ. ವಯಸ್ಸು, ಗಂಡು ಹೆಣ್ಣು, ಸಾಮರ್ಥ್ಯ ನೋಡಿ ಹೆಚ್ಚುಕಡಿಮೆ ಸಮಬಲದವರನ್ನು ಒಂದೊಂದು ಗುಂಪು ಮಾಡುತ್ತಾರೆ, ಪ್ರತಿ ಗುಂಪಿಗೂ ಪದಕ. ನಿಧಾನಕ್ಕೆ ಓಡುವವನು ತನ್ನಷ್ಟೇ ನಿಧಾನ ಇರುವವರ ಜೊತೆ ಓಡುತ್ತಾನೆ, ಗೆಲ್ಲಲೂಬಹುದು, ಸೋಲಲೂಬಹುದು. ಈ ಪದ್ಧತಿ ನನಗೆ ತುಂಬಾ ಇಷ್ಟ. ಇಲ್ಲಿ ಇನ್ನೊಂದು ಅನುಕೂಲ, 8 ವರ್ಷ ತುಂಬಿದ ಯಾರು ಬೇಕಾದರೂ ಸ್ಪರ್ಧಿಸಬಹುದು, ಗರಿಷ್ಠ ವಯಸ್ಸು ಅಂತ ಇಲ್ಲ. ನಲವತ್ತೈದರಲ್ಲೂ ಬೋಚಿ ಆಡಬಹುದು. ಬೋಚಿ ಅಂದರೆ ಸಣ್ಣ ಚೆಂಡಿನ ಹತ್ತಿರಕ್ಕೆ ದೊಡ್ಡ ಚೆಂಡುಗಳನ್ನು ಉರುಳಿಸುವ ಆಟ. ನಮ್ಮ ಗೋಲಿ ಆಡಿದವರಿಗೆ ಹತ್ತು ನಿಮಿಷದಲ್ಲಿ ಬರುತ್ತದೆ. ಯೂನಿಫೈಡ್ ಅಂತ ಇನ್ನೊಂದು ವಿಭಾಗ ಇದೆ, ವೈಕಲ್ಯ ಇರುವವರು ಇಲ್ಲದವರು ಒಂದೇ ತಂಡದಲ್ಲಿ ಆಡುತ್ತಾರೆ.

ಆದರೆ 15 ಲಕ್ಷದಲ್ಲಿ 198. ಪದಕದವರ ಫೋಟೋ ಪೇಪರಿನಲ್ಲಿ ನೋಡಿ ಖುಷಿಪಡೋಣ. ಮಿಕ್ಕವರ ಆಟ ಬೀದಿಯಲ್ಲಿ, ಪಾರ್ಕಿನಲ್ಲಿ, ಪಂಚಾಯಿತಿ ಮೈದಾನದಲ್ಲಿ ಆಗಬೇಕು. ಪಾರ್ಕಿನಲ್ಲಿರುವ ಓಪನ್ ಜಿಮ್ ಮೇಲೆ ಕೂತರೆ 'ಮುರಿದುಹೋಗುತ್ತೆ, ಇಳಿಸಿ' ಅನ್ನುವವರು ಸಿಗುತ್ತಾರೆ. ಆಗ ನಿಮ್ಮ ಬೆನ್ನಿಗೆ 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆ ಇದೆ. ಅದರ 30ನೇ ಕಲಂ ಕ್ರೀಡೆಗೇ ಮೀಸಲು. ಕ್ರೀಡಾ ಚಟುವಟಿಕೆಗಳಲ್ಲಿ ಇವರು ಭಾಗವಹಿಸುವಂತೆ ಸರ್ಕಾರ ಕ್ರಮ ಕೈಗೊಳ್ಳಬೇಕು ಅಂತ ಅದು ಹೇಳುತ್ತದೆ. ನಮ್ಮ ರಾಜ್ಯದಲ್ಲಿ ಗ್ರಾಮ ಪಂಚಾಯಿತಿಗಳು ಅನುದಾನದ ಶೇ. 5ನ್ನು ಅಂಗವಿಕಲರಿಗೆ ತೆಗೆದಿಡಬೇಕು. ಆ ದುಡ್ಡಿನಲ್ಲಿ ಗಾಲಿಕುರ್ಚಿ ಕೊಡುತ್ತಾರೆ, ಒಳ್ಳೆಯದೇ. ವಾರಕ್ಕೆ ಎರಡು ದಿನ ಆಟ ಆಡಿಸುವವರಿಗೂ ಅದರಲ್ಲಿ ಸ್ವಲ್ಪ ಕೊಡಿ ಅಂತ ಗ್ರಾಮಸಭೆಯಲ್ಲಿ ಕೇಳಿ. ನಿಮ್ಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು, ತಾಲ್ಲೂಕಿನ ಎಂ.ಆರ್.ಡಬ್ಲ್ಯೂ. ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರನ್ನು ಹಿಡಿದುಕೊಳ್ಳಿ. ಅವರಿಗೂ ಯಾರಾದರೂ ಬಂದು ಕೇಳಿದರೆ ಕೆಲಸ ಮಾಡಿಸಲು ಒಂದು ಆಧಾರ ಸಿಗುತ್ತದೆ.

ಇಷ್ಟು ಸಾಕು. ಪ್ರಶ್ನೆಗಳಿದ್ದರೆ ಕೇಳಿ.

(ಫಿಟ್ಸ್ ಇರುವ ಮಗನನ್ನು ಈಜಿಗೆ ಕಳಿಸಬಹುದೇ ಎಂದು ಒಬ್ಬರು ಕೇಳಿದರು.)

ಇವರಲ್ಲಿ ಸುಮಾರು ಐದರಲ್ಲಿ ಒಬ್ಬರಿಗೆ ಫಿಟ್ಸ್ ಇರುತ್ತದೆ, ಹಾಗಾಗಿ ಇದು ಎಷ್ಟೋ ಮನೆಗಳ ಪ್ರಶ್ನೆ. ನಡಿಗೆ, ಕುಣಿತ, ಚೆಂಡಾಟಕ್ಕೆ ತೊಂದರೆ ಇಲ್ಲ. ಈಜು ಅಂದರೆ ಫಿಟ್ಸ್ ಹತೋಟಿಯಲ್ಲಿ ಇರಬೇಕು, ಡಾಕ್ಟರ್ ಒಪ್ಪಿರಬೇಕು, ಅವನ ಮೇಲೆ ಮಾತ್ರ ಕಣ್ಣಿಡುವ ಒಬ್ಬರು ನೀರಿನಲ್ಲೇ ಪಕ್ಕದಲ್ಲಿ ಇರಬೇಕು. ದಡದಲ್ಲಿ ಕೂತು ಮೊಬೈಲ್ ನೋಡುವವರು ಲೆಕ್ಕಕ್ಕಿಲ್ಲ. ಕೆರೆ, ಹೊಳೆ, ಬಾವಿ ಬೇಡವೇ ಬೇಡ. ಮಾತ್ರೆ ತಪ್ಪಿಸಿದ ದಿನ, ನಿದ್ದೆಗೆಟ್ಟ ದಿನ ನೀರಿಗೆ ಇಳಿಸಬೇಡಿ.

(ಅಜ್ಜಿಯೊಬ್ಬರು, 'ಹುಟ್ಟಿದಾಗಿಂದ ಕಷ್ಟಪಟ್ಟ ಜೀವ. ಈಗಲಾದರೂ ತಿಂದುಕೊಂಡು ಹಾಯಾಗಿ ಇರಲಿ ಬಿಡಮ್ಮ' ಎಂದರು.)

ಅಜ್ಜಿ, ನಿಮ್ಮ ಮಾತಿನಲ್ಲಿರುವ ಪ್ರೀತಿ ನನಗೆ ಅರ್ಥ ಆಗುತ್ತೆ. ಆದರೆ ನೀವೇ ಹೇಳಿ, ಈ ವಯಸ್ಸಿನಲ್ಲೂ ನೀವು ಇಲ್ಲಿಗೆ ಬಸ್ ಹಿಡಿದು ಬಂದಿದ್ದೀರಿ. ನಿಮ್ಮನ್ನು ಮನೆಯಲ್ಲಿ ಕೂರಿಸಿ ಬೋಂಡ ಕೊಟ್ಟರೆ ಹಾಯಾಗಿ ಇರುತ್ತೀರಾ? ಮೊಮ್ಮಗನನ್ನು ಮುಂದಿನ ಸಲ ಜೊತೆಗೆ ಕರೆದುಕೊಂಡು ಬನ್ನಿ. ಬೋಂಡ ಇಬ್ಬರಿಗೂ ನಾನು ಕೊಡಿಸುತ್ತೇನೆ, ಬಸ್ ಸ್ಟ್ಯಾಂಡಿನಿಂದ ನಡೆದು ಬರಬೇಕು ಅಷ್ಟೇ.

(ಕೊನೆಯ ಪ್ರಶ್ನೆ ಒಬ್ಬ ಅಣ್ಣನದು. ಡೌನ್ ಸಿಂಡ್ರೋಮ್ ಇರುವ ತಂಗಿಗೆ 46. ಇತ್ತೀಚೆಗೆ ನಡಿಗೆ ನಿಧಾನ, ದಿನಾ ಮಾಡುತ್ತಿದ್ದ ಕೆಲಸವೂ ಅರ್ಧಕ್ಕೇ ನಿಲ್ಲುತ್ತದೆ. ಜಾಸ್ತಿ ವ್ಯಾಯಾಮ ಮಾಡಿಸಬೇಕೇ?)

ಮೊದಲು ಡಾಕ್ಟರು, ಆಮೇಲೆ ವ್ಯಾಯಾಮ. ಈ ವಯಸ್ಸಿನಲ್ಲಿ ಹೀಗಾದರೆ ಕಾರಣ ಹಲವು ಇರಬಹುದು. ಥೈರಾಯ್ಡ್ ನೋಡಿಸಿ. ಕಣ್ಣಿಗೆ ಪೊರೆ ಬಂದಿದೆಯಾ ನೋಡಿಸಿ, ಮೆಟ್ಟಿಲ ಅಂಚು ಕಾಣದೆ ಹೆದರಿ ನಿಧಾನ ಆಗಿರಬಹುದು. ಕಿವಿ ನೋಡಿಸಿ. ಕತ್ತಿನ ಮೂಳೆಯ ವಿಷಯ ಆಗಲೇ ಹೇಳಿದೆ. ರಾತ್ರಿ ಗೊರಕೆ ಹೊಡೆದು ಉಸಿರು ಕಟ್ಟಿದ ಹಾಗೆ ಆಗುತ್ತಿದ್ದರೆ ಅದನ್ನೂ ಹೇಳಿ, ನಿದ್ದೆ ಸರಿಯಾಗದೆ ಹಗಲೆಲ್ಲ ಮಂಕಾಗಿರಬಹುದು. ಮನೆಯಲ್ಲಿ ಇತ್ತೀಚೆಗೆ ಯಾರಾದರೂ ತೀರಿಕೊಂಡಿದ್ದಾರಾ? ಅಮ್ಮನಾ? ಹಾಗಾದರೆ ದುಃಖವೂ ಇರಬಹುದು, ಅವರು ಅದನ್ನು ಮಾತಿನಲ್ಲಿ ಹೇಳುವುದಿಲ್ಲ. ಡೌನ್ ಸಿಂಡ್ರೋಮ್‌ನಲ್ಲಿ ಆಲ್‌ಝೈಮರ್ ಮರೆವು ಬೇರೆಯವರಿಗಿಂತ ಬೇಗ, ನಲವತ್ತು ಐವತ್ತರಲ್ಲೇ ಶುರುವಾಗುವುದು ಉಂಟು. ಅದು ಹೌದೋ ಅಲ್ಲವೋ ಅನ್ನುವುದನ್ನು ಉಳಿದದ್ದೆಲ್ಲ ನೋಡಿದ ಮೇಲೆ ನರರೋಗ ತಜ್ಞರೋ ಮನೋವೈದ್ಯರೋ ಹೇಳಬೇಕು. ಮೂರು ವರ್ಷದ ಹಿಂದೆ ತಂಗಿ ಏನೇನು ತಾವಾಗಿ ಮಾಡುತ್ತಿದ್ದರು, ಈಗ ಯಾವುದು ನಿಂತಿದೆ ಅಂತ ಒಂದು ಹಾಳೆಯಲ್ಲಿ ಬರೆದುಕೊಂಡು ಹೋಗಿ. ಹಳೇ ವಿಡಿಯೋ ಇದ್ದರೆ ಫೋನಿನಲ್ಲಿ ಇಟ್ಟುಕೊಳ್ಳಿ, ಡಾಕ್ಟರಿಗೆ ತೋರಿಸಬಹುದು. ಅಲ್ಲಿಯವರೆಗೆ ಅವರು ಇಷ್ಟಪಡುವ ನಡಿಗೆ ನಿಲ್ಲಿಸಬೇಡಿ. ದೂರ ಕಡಿಮೆ ಮಾಡಿ, ಬೆಳಕಿರುವಾಗ ಹೋಗಿ, ಕೈ ಹಿಡಿದುಕೊಳ್ಳಿ. ಸಭೆ ಮುಗಿದ ಮೇಲೆ ಒಂದು ನಿಮಿಷ ಇರಿ, ಯಾವ ಆಸ್ಪತ್ರೆ ನಿಮಗೆ ಹತ್ತಿರ ಅಂತ ಕೂತು ನೋಡೋಣ.